ಸಹಾಯ ಬೇಕು: ಮೋಟಾರಿನ ಲೆಕ್ಕದಲ್ಲಿ ನೀರಿನ ವೇಗವನ್ನೂ ಸೇರಿಸಬೇಕಾ?

ಎಲ್ಲರಿಗೂ ನಮಸ್ಕಾರ. ನಾವು ಸಾಗರದ ಕಡೆಯವರು. ತಮ್ಮ ಪ್ರಥಮ ಪಿಯುಸಿ. ಕೆಲಸ, ಶಕ್ತಿ, ಸಾಮರ್ಥ್ಯ ಪಾಠದ ಒಂದು ಲೆಕ್ಕದಲ್ಲಿ ಇಬ್ಬರೂ ಸಿಕ್ಕಿಕೊಂಡಿದ್ದೇವೆ.

ಹಳ್ಳದಿಂದ 25 ಮೀಟರ್ ಮೇಲಿರುವ ತೋಟದ ತೊಟ್ಟಿಗೆ ಮೋಟಾರು ನಿಮಿಷಕ್ಕೆ 600 ಲೀಟರ್ ನೀರು ಎತ್ತುತ್ತದೆ. ದಕ್ಷತೆ ಶೇ. 70. ಸೆಕೆಂಡಿಗೆ 10 ಕೆಜಿ, ಅಂದರೆ 10 × 9.8 × 25 = 2450 ವ್ಯಾಟ್. 0.7ರಿಂದ ಭಾಗಿಸಿದರೆ 3500 ವ್ಯಾಟ್, ಸುಮಾರು 4.7 ಎಚ್‌ಪಿ. ಗುಡ್ಡದ ಮೇಲೆ ಪೈಪು ಎಷ್ಟೇ ಉದ್ದ ಇದ್ದರೂ ಎತ್ತರವನ್ನೇ ಹಿಡಿಯಬೇಕು, ಅಲ್ವಾ? ಅಲ್ಲಿಯವರೆಗೆ ಸರಿ.

ಆದರೆ ಪೈಪಿನ ಬಾಯಲ್ಲಿ ನೀರಿನ ವೇಗ ಸೆಕೆಂಡಿಗೆ 4 ಮೀಟರ್ ಅಂತಲೂ ಕೊಟ್ಟಿದ್ದಾರೆ. ಚಲನ ಶಕ್ತಿ ಸೇರಿಸಿದರೆ, 0.7ರಿಂದ ಭಾಗಿಸುವ ಮೊದಲೇ, 2450ರ ಜೊತೆ ಇನ್ನೂ 80 ವ್ಯಾಟ್ ಬೇಕು. ಉತ್ತರದಲ್ಲಿ ಮಾತ್ರ 3500 ಅಂತಲೇ ಇದೆ. ಬಿಡೋದಾದರೆ ಸುಮ್ನೆ ವೇಗ ಯಾಕೆ ಕೊಟ್ಟರು? ಪರೀಕ್ಷೆಯಲ್ಲಿ ಹೇಗೆ ಬರೆಯಬೇಕು? ಮೇಷ್ಟ್ರುಗಳು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.