ಬ್ರೌಸರ್‌ಗೆ ಸರಿ, ಎಸ್‌ಎಸ್‌ಎಚ್‌ಗೆ 403: ಎಚ್‌ಟಿಟಿಪಿ ಪ್ರಾಕ್ಸಿ ಸಾಕೇ, ಸಾಕ್ಸ್5 ಬೇಕೇ?

ಪ್ರಶ್ನೆ: ಲಿನಕ್ಸ್ ಸರ್ವರ್‌ನಲ್ಲಿ ಸ್ಕ್ವಿಡ್ (ನಮ್ಮ ಪರವಾಗಿ ನೆಟ್‌ಗೆ ಹೋಗಿಬರುವ ಎಚ್‌ಟಿಟಿಪಿ ಪ್ರಾಕ್ಸಿ) ಹಾಕಿದ್ದೇನೆ, ಪೋರ್ಟ್ 3128. ಬ್ರೌಸರ್‌ನಲ್ಲಿ ಎಲ್ಲ ಸೈಟ್ ತೆರೆಯುತ್ತವೆ. ಅದೇ ಪ್ರಾಕ್ಸಿ ಮೂಲಕ ಎಸ್‌ಎಸ್‌ಎಚ್ (ದೂರದ ಸರ್ವರ್‌ಗೆ ಲಾಗಿನ್) ಮಾಡಲು ಹೋದರೆ 403 (‘ಅನುಮತಿ ಇಲ್ಲ’) ಬರುತ್ತಿದೆ. ಸಾಕ್ಸ್ ಅನ್ನುವ ಇನ್ನೊಂದು ಬಗೆಯ ಪ್ರಾಕ್ಸಿ ಇದೆಯಲ್ಲ, ಅದರ ಸಾಕ್ಸ್4, ಸಾಕ್ಸ್5 ಇವೆರಡರಲ್ಲಿ ಯಾವುದಕ್ಕೆ ಬದಲಾಯಿಸಲಿ? ವೇಗ ಯಾವುದರಲ್ಲಿ ಜಾಸ್ತಿ?

ಉತ್ತರ: ಬದಲಾಯಿಸುವ ಮೊದಲು ಕಾರಣ ನೋಡಿ ಸರ್. ಆ 403 ಕೊಡುತ್ತಿರುವುದು ಸ್ಕ್ವಿಡ್ಡೇ. ಎಸ್‌ಎಸ್‌ಎಚ್ ಹೋಗಬೇಕಾದರೆ ಕ್ಲೈಂಟ್ ‘ಕನೆಕ್ಟ್’ ಎಂಬ ಕೋರಿಕೆ ಕಳಿಸಿ ಟನಲ್ (ಪ್ರಾಕ್ಸಿ ದಾಟಿ ಹೋಗುವ ನೇರ ದಾರಿ) ಕೇಳುತ್ತದೆ. ಸ್ಕ್ವಿಡ್ ಜೊತೆ ಬರುವ ಕಾನ್ಫಿಗ್‌ನಲ್ಲಿ ಕನೆಕ್ಟ್‌ಗೆ ಎಚ್‌ಟಿಟಿಪಿಎಸ್‌ನ ಪೋರ್ಟ್ 443 ಮಾತ್ರ ತೆರೆದಿರುತ್ತದೆ, ನಿಮಗೆ ಬೇಕಿರುವುದು ಎಸ್‌ಎಸ್‌ಎಚ್‌ನ 22. ‘ಸೇಫ್ ಪೋರ್ಟ್ಸ್’, ‘ಎಸ್‌ಎಸ್‌ಎಲ್ ಪೋರ್ಟ್ಸ್’ ಎರಡೂ ಪಟ್ಟಿಗೆ 22 ಸೇರಿಸಿ. ಒಂದಕ್ಕೆ ಮಾತ್ರ ಸೇರಿಸಿದರೆ ಇನ್ನೊಂದರ ನಿಯಮ ತಡೆಯುತ್ತದೆ, 403 ಹಾಗೇ ಉಳಿಯುತ್ತದೆ. ಯಾವ ಸರ್ವರ್‌ಗೆ ಹೋಗಬಹುದು ಅನ್ನುವುದನ್ನೂ ಕಟ್ಟಿಹಾಕಿ, ಇಲ್ಲದಿದ್ದರೆ ಪ್ರಾಕ್ಸಿ ಬಳಸುವವರೆಲ್ಲ ಎಲ್ಲಿಗೆ ಬೇಕಾದರೂ ಎಸ್‌ಎಸ್‌ಎಚ್ ಮಾಡಬಹುದು.

ವೇಗ ನೋಡಿ ಆರಿಸಬೇಡಿ. ಟನಲ್ ತೆರೆದ ಮೇಲೆ ಎಚ್‌ಟಿಟಿಪಿ ಪ್ರಾಕ್ಸಿ, ಸಾಕ್ಸ್ ಎರಡೂ ಬೈಟ್‌ಗಳನ್ನು ಹಾಗೇ ದಾಟಿಸುತ್ತವೆ. ವೆಬ್ ಮಾತ್ರ ಇದ್ದು ಯಾವ ಸೈಟ್ ಬಿಡಬೇಕು, ಯಾವುದನ್ನು ತಡೆಯಬೇಕು ಅನ್ನುವ ಹಿಡಿತ ಬೇಕಿದ್ದರೆ ಎಚ್‌ಟಿಟಿಪಿ ಪ್ರಾಕ್ಸಿಯೇ ಸರಿ. ನಾನಾ ಬಗೆಯ ಟಿಸಿಪಿ (ಸಂಪರ್ಕ ಕಟ್ಟಿಕೊಂಡು ಡೇಟಾ ಕಳಿಸುವ ರೀತಿ) ಅಥವಾ ಯುಡಿಪಿ (ಸಂಪರ್ಕ ಕಟ್ಟದೆ ಕಳಿಸುವ ರೀತಿ) ಇದ್ದರೆ ಸಾಕ್ಸ್5. ಸಾಕ್ಸ್4 ಬೇಡವೇ ಬೇಡ: ಐಪಿವಿ6, ಯುಡಿಪಿ, ಪಾಸ್‌ವರ್ಡ್ ಯಾವುದೂ ಅದರಲ್ಲಿಲ್ಲ.

ಪ್ರಶ್ನೆ: 22 ಸೇರಿಸಿದೆ, ಎಸ್‌ಎಸ್‌ಎಚ್ ಆಯಿತು, ಧನ್ಯವಾದ. ಯುಡಿಪಿ ಕೂಡ ಬೇಕಿತ್ತು, ಅದಕ್ಕೆ ಓಪನ್‌ಎಸ್‌ಎಸ್‌ಎಚ್‌ನ ಡೈನಾಮಿಕ್ ಫಾರ್ವರ್ಡ್ (ಎಸ್‌ಎಸ್‌ಎಚ್ ಸಂಪರ್ಕವನ್ನೇ ಸಾಕ್ಸ್ ಪ್ರಾಕ್ಸಿಯಾಗಿಸುವ ಸೌಲಭ್ಯ) ಪೋರ್ಟ್ 1080ರಲ್ಲಿ ಇಟ್ಟೆ. ಯುಡಿಪಿ ಹೋಗುತ್ತಿಲ್ಲ. ಕರ್ಲ್ (ಕಮಾಂಡ್‌ನಿಂದ ವೆಬ್ ವಿಳಾಸ ತೆರೆಯುವ ಪ್ರೋಗ್ರಾಂ) ಓಡಿಸಿದರೆ ಡಿಎನ್‌ಎಸ್ ಕೋರಿಕೆ (ಸೈಟ್ ಹೆಸರಿಗೆ ಐಪಿ ಕೇಳುವುದು) ನನ್ನ ಯಂತ್ರದಿಂದಲೇ ಹೊರಡುವುದು ಟಿಸಿಪಿಡಂಪ್‌ನಲ್ಲಿ (ನೆಟ್‌ವರ್ಕ್ ಸಂಚಾರ ತೋರಿಸುವ ಪ್ರೋಗ್ರಾಂ) ಕಾಣುತ್ತಿದೆ.

ಉತ್ತರ: ಇವು ಎರಡು ಬೇರೆ ತೊಂದರೆಗಳು.

ಡಿಎನ್‌ಎಸ್: ಪ್ರಾಕ್ಸಿ ವಿಳಾಸವನ್ನು ‘ಸಾಕ್ಸ್5’ ಎಂದು ಶುರುಮಾಡಿದರೆ ಕರ್ಲ್ ಹೆಸರನ್ನು ಇಲ್ಲೇ ಐಪಿ ಮಾಡಿಕೊಂಡು ಐಪಿಯನ್ನಷ್ಟೇ ಕಳಿಸುತ್ತದೆ. ಕೊನೆಗೊಂದು ‘ಎಚ್’ ಅಕ್ಷರ ಸೇರಿಸಿ ‘ಸಾಕ್ಸ್5ಎಚ್’ ಮಾಡಿ, ಆಗ ಹೆಸರೇ ಪ್ರಾಕ್ಸಿಗೆ ಹೋಗುತ್ತದೆ. ಬೇರೆ ಪ್ರೋಗ್ರಾಂ ಎಲ್ಲ ಮುಚ್ಚಿ ಡಿಎನ್‌ಎಸ್‌ನ ಪೋರ್ಟ್ 53ರ ಮೇಲೆ ಟಿಸಿಪಿಡಂಪ್ ಇಟ್ಟು ಮತ್ತೆ ಓಡಿಸಿ, ಆ ಹೆಸರಿನ ಕೋರಿಕೆ ಕಾಣಬಾರದು.

ಯುಡಿಪಿ: ಸಾಕ್ಸ್5 ನಿಯಮದಲ್ಲಿ (ಆರ್‌ಎಫ್‌ಸಿ 1928) ಯುಡಿಪಿ ಇದ್ದರೂ ಓಪನ್‌ಎಸ್‌ಎಸ್‌ಎಚ್ ಅದನ್ನು ಅಳವಡಿಸಿಲ್ಲ, ಟಿಸಿಪಿ ಮಾತ್ರ. ಡಾಂಟೆಯಂಥ ಪೂರ್ಣ ಸಾಕ್ಸ್ ಸರ್ವರ್ ಹಾಕಿ. ಅಲ್ಲಿ 1080 ತೆರೆದರೆ ಸಾಲದು. ಯುಡಿಪಿಗೆ ಸರ್ವರ್ ಬೇರೊಂದು ಪೋರ್ಟ್ ಕೊಡುತ್ತದೆ, ಕಾನ್ಫಿಗ್‌ನಲ್ಲಿ ಅದರ ವ್ಯಾಪ್ತಿ ಗೊತ್ತುಮಾಡಿ ಫೈರ್‌ವಾಲ್‌ನಲ್ಲೂ ಅಷ್ಟನ್ನೇ ತೆರೆಯಿರಿ. ಯುಡಿಪಿ ನಡೆಯುವಷ್ಟು ಹೊತ್ತೂ ಮೊದಲಿನ ಟಿಸಿಪಿ ಸಂಪರ್ಕ ಉಳಿದಿರಬೇಕು, ಅದು ಕಡಿದರೆ ಯುಡಿಪಿಯೂ ನಿಲ್ಲುತ್ತದೆ.

ಒಂದು ಎಚ್ಚರಿಕೆ: ಸಾಕ್ಸ್5ನ ಪಾಸ್‌ವರ್ಡ್ ಗೂಢಲಿಪಿಯಿಲ್ಲದೆ ಹೋಗುತ್ತದೆ, ಕ್ರೋಮ್ ಅಂತೂ ಆ ಪಾಸ್‌ವರ್ಡ್ ಕೊಡುವುದೇ ಇಲ್ಲ. ಹಾಗಾಗಿ ಡಾಂಟೆಯನ್ನು ವಿಪಿಎನ್‌ನ ಒಳ ಐಪಿಗೆ ಮಾತ್ರ ಕಟ್ಟಿ.