ಯಾರೂ ಆಡದ ಇಂಗ್ಲಿಷ್ ಪದ ಕೂಡಿಡೋದು ಹುಚ್ಚೋ, ಮಜಾನೋ?

ಎರೆಹೊಲ (ಬಳ್ಳಾರಿ): ನಿನ್ನೆ ಸಂಜಿ ಕೋಟೆ ಗುಡ್ಡದ ಕಡಿಂದ ವರ್ಷದ ಮೊದಲ ಮಳಿ ಬಂತು. ಬಂಡಿ ಮುಂದ ಒಗ್ಗರಣಿ-ಮಿರ್ಚಿ ತಿನ್ಕೋತ ನಿಂತಿದ್ವಿ. "ಆಹಾ, ಪೆಟ್ರಿಕೋರ್!" ಅಂದೆ. "ಅದನ್ನೂ ಮಿರ್ಚಿಗೆ ಹಾಕ್ತಾರೇನು?" ಅಂದ ಗೆಳೆಯ. ಮೊದಲ ಮಳಿಗೆ ಏಳೋ ಮಣ್ಣಿನ ಘಮ ಅದು. ಇಂಥ ಪದ ಒಂದು ನೋಟ್‌ಬುಕ್ ತುಂಬ ಬರೆದಿಟ್ಟೀನಿ. ಶೂ ಲೇಸಿನ ತುದಿಗೆ ಇರೋ ಪ್ಲಾಸ್ಟಿಕ್ ಕೊಳವಿ ಆಗ್ಲೆಟ್. ಸಾಂದ್ರತೆಗೆ ಡಾರ್ಡ್. ಮನುಷ್ಯಾನ್ನ ಕಿಟಕಿಯಿಂದ ಎತ್ತಿ ಒಗೆಯೋದು ಡಿಫೆನೆಸ್ಟ್ರೇಷನ್. 1618ರಾಗ ಪ್ರಾಗ್ ನಗರದಾಗ ಮೂರು ಮಂದೀನ ಹಂಗ ಒಗೆದ್ರಂತ. ಮೂವರೂ ಬದುಕಿದ್ರು, ಆದ್ರ ಅದರ ಹಿಂದ ಮೂವತ್ತು ವರ್ಷ ಯುದ್ಧ! ನಿಮ್ಮ ಹತ್ರ ಯಾವ್ಯಾವು ಅದಾವ?

ತಿರುಳುಗನ್ನಡಿಗ (ಕೊಪ್ಪಳ): ನನ್ನ ಹತ್ರ ಹಗೇವು ಐತಿ. ನೆಲ ತೋಡಿ ಜೋಳ ತುಂಬಿಡೋ ಕಣಜ. ನಿಮ್ಮ ನೋಟ್‌ಬುಕ್ಕಿನಾಗ ಅದಕ್ಕ ಜಾಗ ಐತೇನು? ಕವಿರಾಜಮಾರ್ಗದಾಗ ಕನ್ನಡದ ತಿರುಳಿನ ಸೀಮೆ ಹೇಳುವಾಗ ನಮ್ಮ ಕೊಪಣದ ಹೆಸರು ಬರತೈತಿ. ಇಂಥ ನಾಡಾಗ ಹುಟ್ಟಿ ಲೇಸಿನ ತುದಿಗೆ ಹೆಸರು ಹುಡುಕ್ತೀರಲ್ರಿ.

ಗಂಗಾವತಿ ಮೇಷ್ಟ್ರು: ಬೈಯೋ ಮೊದಲು ಒಂದು ಮಾತು. ಕಿಟ್ಟೆಲ್ ನಿಘಂಟು 1894ರದ್ದು. ಅದಕ್ಕೂ ಎಪ್ಪತ್ತು ವರ್ಷ ಮುಂಚೆ, 1824ರಲ್ಲಿ, ಇಂಗ್ಲಿಷ್-ಕನ್ನಡ ನಿಘಂಟು ಮದರಾಸಿನಲ್ಲಿ ಅಚ್ಚಾಯಿತು. ಮಾಡಿದವನು ಬಳ್ಳಾರಿಯಲ್ಲಿದ್ದ ಪಾದ್ರಿ ವಿಲಿಯಂ ರೀವ್. ಪದದ ಹುಚ್ಚು ಆ ಊರಿಗೆ ಹಳೆಯದು.

ನನ್ನದೊಂದು ಸೇರಿಸಿ: ಎಪ್ರಿಸಿಟಿ. ಚಳಿಗಾಲದ ಬಿಸಿಲಿನ ಬೆಚ್ಚನೆ. ಹೆನ್ರಿ ಕಾಕರಮ್ ಅನ್ನೋನು 1623ರ ತನ್ನ ನಿಘಂಟಿನಲ್ಲಿ ಕೊಟ್ಟಿದ್ದ. ಪಾಪ, ಯಾರೂ ಬಳಸಲಿಲ್ಲ.

ಮಸ್ಕಿ ಸೊಸಿ (ರಾಯಚೂರು): ನಮ್ಮ ಜಿಲ್ಲಾದಾಗ ಬಿಸಿಲಿಗೆ ಹಿತವಾದ ಪದ ಬೇಕಂದ್ರ ಹುಚ್ಚಾಸ್ಪತ್ರೆಗೆ ಕಳಸ್ತಾರ್ರಿ ಮೇಷ್ಟ್ರೆ! ಆದ್ರ ಎಳ್ಳ ಅಮಾಸಿ ಹೊತ್ತಿಗೆ ನಮ್ಮತ್ತಿ ಕಟ್ಟಿ ಮ್ಯಾಲ ಸೂರ್ಯಗ ಬೆನ್ನು ಕೊಟ್ಟು, ಸೆರಗು ತಲಿ ಮ್ಯಾಲ ಎಳಕೊಂಡು, ಕಡ್ಲಿ ಸುಲ್ಕೋತ ಕುಂದರತಾಳ. ಏನ್ ಮಾಡಾಕತ್ತಿ ಅಂದ್ರ "ಬಿಸಲು ಕಾಸ್ಕೊಳಾಕತ್ತೀನಿ" ಅಂತಾಳ. ನಿಮ್ಮ ಎಪ್ರಿಸಿಟಿ ಅದಾ ಅಲ್ಲೇನು?

ತಿರುಳುಗನ್ನಡಿಗ: ನೋಡ್ರಿ! ಎಲ್ಲಾ ನಮ್ಮಲ್ಲೇ ಐತಿ. ಪೆಟ್ರಿಕೋರಿಗೂ ಮಣ್ಣಿನ ವಾಸನಿ ಅಂದ್ರ ಮುಗೀತು.

ಸಿಂಧನೂರು ಮಣ್ಣು: ಮುಗಿಯಲ್ಲ. ಕೆರೆ ಹೂಳಿಗೂ ಮಣ್ಣಿನ ವಾಸನೆ ಐತೆ, ಅದು ಪೆಟ್ರಿಕೋರ್ ಅಲ್ಲ. 1964ರಲ್ಲಿ ಇಸಾಬೆಲ್ ಬೇರ್, ರಿಚರ್ಡ್ ಥಾಮಸ್ ಅನ್ನೋ ಆಸ್ಟ್ರೇಲಿಯಾದ ವಿಜ್ಞಾನಿಗಳು ಕಟ್ಟಿದ ಪದ ಇದು. ಗ್ರೀಕಿನಲ್ಲಿ ಪೆಟ್ರಾ ಅಂದರೆ ಕಲ್ಲು, ಇಕೋರ್ ಅಂದರೆ ದೇವರುಗಳ ಮೈಯಲ್ಲಿ ಹರಿಯೋ ರಕ್ತ. ಒಣ ಹವೆಯಲ್ಲಿ ಗಿಡದ ಎಣ್ಣೆಯಂಶ ಜೇಡಿಗೆ, ಕಲ್ಲಿಗೆ ಇಂಗಿ ಕೂಡಿರುತ್ತೆ. ಹನಿ ಬಿದ್ದಾಗ ಏಳುತ್ತೆ. ಮಣ್ಣಿನ ಸೂಕ್ಷ್ಮಜೀವಿಗಳು ಮಾಡೋ ಜಿಯೋಸ್ಮಿನ್ನೂ ಅದರ ಜೊತೆ ಸೇರುತ್ತೆ. ಅಂದಮೇಲೆ ಮೊದಲು ಕಾಯಬೇಕು, ಒಣಗಬೇಕು. ತಿಂಗಳುಗಟ್ಟಲೆ ಮಳೆ ಸುರಿಯೋ ಆಗುಂಬೆಗೆ ಈ ಪದ ಅಷ್ಟು ಒಗ್ಗಲ್ಲ. ನನ್ನ ಕೇಳಿದ್ರೆ ಅದು ಬಿರುಕು ಬಿಟ್ಟ ನಮ್ಮ ಎರೆ ನೆಲದ ಪದ.

ಇನ್ನೊಂದು. ಕನೌಜಿನ ಅತ್ತರಿನವರು ಸುಟ್ಟ ಮಣ್ಣನ್ನ ಭಟ್ಟಿ ಇಳಿಸಿ, ಆ ಘಮಾನ ಗಂಧದೆಣ್ಣೆಗೆ ಹಿಡಿದು, ಆ ವಿಜ್ಞಾನಿಗಳಿಗಿಂತ ಮೊದಲೇ ಮಾರ್ತಿದ್ರು. ಆ ಇಬ್ಬರೂ ತಮ್ಮ ಲೇಖನದಲ್ಲಿ ಇದನ್ನ ಒಪ್ಪಿಕೊಂಡಿದ್ದಾರೆ.

ತಿರುಳುಗನ್ನಡಿಗ: ಹಿಂಗ ಬಿಡಿಸಿ ಹೇಳಿದ್ರ ಬ್ಯಾರೆ ಮಾತು. ಬರೇ ಸ್ಟೇಟಸ್ಸಿಗೆ ಹಾಕೋರ ಕಂಡ್ರ ನನಗ ಸಿಟ್ಟು.

ಗಂಗಾವತಿ ಮೇಷ್ಟ್ರು: ನಿಮ್ಮ ಸಿಟ್ಟಿಗೆ ಹೆಗ್ಗಣದ ಮದ್ದು ತಗೊಳ್ಳಿ. ಇಂಗ್ಲಿಷಿನ ಬ್ಯಾಂಡಿಕೂಟ್ ನಮ್ಮ ಪಕ್ಕದ ತೆಲುಗಿನ ಪಂದಿಕೊಕ್ಕು. ಹಂದಿ-ಇಲಿ ಅಂತ ಅರ್ಥ. ಬಳ್ಳಾರಿ ಓಣಿಯ ಪದ ಆಸ್ಟ್ರೇಲಿಯಾಕ್ಕೆ ಹೋಗಿ, ಅಲ್ಲಿ ಹೊಟ್ಟೆಚೀಲದ ಬೇರೊಂದು ಪ್ರಾಣಿಗೆ ಹೆಸರಾಗಿ ಕೂತಿದೆ.

ಎರೆಹೊಲ ಅವರೇ, ನಿಮ್ಮ ಡಾರ್ಡ್ ಅಳಿಸಿ. 1934ರ ವೆಬ್‌ಸ್ಟರ್ ನಿಘಂಟಿನಲ್ಲಿ ನುಸುಳಿದ ತಪ್ಪು ಅದು. ಸಾಂದ್ರತೆಯ ಗುರುತು "ದೊಡ್ಡ ಡಿ ಅಥವಾ ಚಿಕ್ಕ ಡಿ" ಅಂತ ಚೀಟಿಯಲ್ಲಿತ್ತು. ನಡುವಿನ "ಆರ್" (ಅಥವಾ) ಅನ್ನೋ ಪದಾನೂ ಕೂಡಿಸಿ ಒಂದೇ ಪದ ಮಾಡಿಬಿಟ್ಟರು. ಐದು ವರ್ಷ ಯಾರಿಗೂ ಗೊತ್ತಾಗಲಿಲ್ಲ!

ಎರೆಹೊಲ: ಅಯ್ಯೋ, ಅದನ್ನ ಕೆಂಪು ಪೆನ್ನಿನಾಗ ಬರೆದೀನ್ರಿ ಮೇಷ್ಟ್ರೆ. ಇರ್ಲಿ ಬಿಡ್ರಿ, ಅಳಸಂಗಿಲ್ಲ. ತಪ್ಪು ಅಂತ ಗೊತ್ತಾದ ಮ್ಯಾಲ ಇನ್ನೂ ಚಲೋ ಅನಸಾಕತ್ತೈತಿ.

ಹಗೇವೂ ಬರ್ಕೊಂಡೆ. ಹ ಅಕ್ಷರಕ್ಕ ಪುಟಾನ ಇರಲಿಲ್ಲ, ಎಚ್ ಪುಟದಾಗ ಹಾಕೀನಿ.

ತಿರುಳುಗನ್ನಡಿಗ: ಎಚ್ ಪುಟದಾಗ?! ತಡೀರಿ, ಊಟ ಮುಗಿಸಿ ಬರ್ತೀನಿ.