ಸಹಾಯ ಬೇಕು: ಮನೆಯ ಕಾಯಿ ಎಣ್ಣೆಯಾದರೆ ಯಾವ ಸಾಲಿನಲ್ಲಿ ಬರೆಯಬೇಕು?

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಮನೆಗಳ ಆಹಾರ ಬಳಕೆ ಸಮೀಕ್ಷೆಯ ಫಾರಂಗಳನ್ನು ಪರಿಶೀಲಿಸಿ ಲೆಕ್ಕ ಸರಿಮಾಡುವ ಕೆಲಸ ನನ್ನದು. ಒಂದು ಕಡೆ ಸಿಕ್ಕಿಬಿದ್ದಿದ್ದೇನೆ.

ಕೇಂದ್ರ ಸರ್ಕಾರದ 2022-23ರ ಮನೆಬಳಕೆ ವೆಚ್ಚ ಸಮೀಕ್ಷೆಯ ಕ್ರಮವನ್ನೇ ಹಿಡಿದಿದ್ದೇವೆ. ಅಕ್ಕಿ, ಬೇಳೆ, ಸಕ್ಕರೆಗೆ ಹಿಂದಿನ 30 ದಿನದ ಬಳಕೆ ಕೇಳಿ ಬರೆಯುವುದು. ತರಕಾರಿ, ಹಣ್ಣು, ಮೀನು, ಅಡುಗೆ ಎಣ್ಣೆಗೆ 7 ದಿನ. ರೇಷನ್ ಅಕ್ಕಿಗೆ ಬೇರೆ ಸಾಲು. ಅದೆಲ್ಲ ಸರಿಯಾಗಿದೆ.

ತೊಂದರೆ ಇರೋದು ತೆಂಗಿನಕಾಯಿಯಲ್ಲಿ. ಇಲ್ಲಿ ತೋಟದ ಕಾಯಿಯನ್ನೇ ಒಣಗಿಸಿ, ಕೊಬ್ಬರಿ ಮಾಡಿ, ಮಿಲ್ಲಿಗೆ ಕೊಟ್ಟು ಎಣ್ಣೆ ತರುತ್ತಾರೆ. ನನ್ನ ಮುಂದಿರುವ ಒಂದು ಫಾರಂ ನೋಡಿ: ಮೂವರ ಮನೆ, ವಾರಕ್ಕೆ 20 ಕಾಯಿ, ಜೊತೆಗೆ ಅರ್ಧ ಲೀಟರ್ ಎಣ್ಣೆ. ಎರಡೂ ಮನೆಯದ್ದೇ. ಪದಾರ್ಥಕ್ಕೆ ತುರಿದದ್ದು ಎಷ್ಟು, ಒಣಗಲು ಹಾಕಿದ್ದು ಎಷ್ಟು ಅಂತ ಗೊತ್ತಾಗುವುದಿಲ್ಲ. ಹಾಗೇ ಬಿಟ್ಟರೆ ಎಣ್ಣೆಯಾದ ಕಾಯಿ ಎರಡೂ ಸಾಲಿನಲ್ಲಿ ಬಂದು, ಕ್ಯಾಲೊರಿ ಎರಡು ಸಲ ಸೇರುತ್ತದೆ. ಇನ್ನು ಕೆಲವರು ದುಡ್ಡು ಕೊಟ್ಟು ತಂದಿಲ್ಲ ಅಂತ ಎಣ್ಣೆ ಸಾಲನ್ನೇ ಖಾಲಿ ಬಿಡಿಸಿದ್ದಾರೆ. ತೆಂಗಿನೆಣ್ಣೆ ಇಲ್ಲದ ಅಡುಗೆ ನಮ್ಮಲ್ಲಿ ಉಂಟಾ?

ಎಣ್ಣೆಯನ್ನು ಕಾಯಿ ಲೆಕ್ಕಕ್ಕೆ ತಿರುಗಿಸಿ ಕಳೆದು ನೋಡಿದೆ. ಕಾಯಿಯ ಗಾತ್ರ, ಕೊಬ್ಬರಿ ಒಣಗಿದ ಹದದ ಮೇಲೆ ಎಣ್ಣೆ ಹೆಚ್ಚುಕಮ್ಮಿ ಆಗುತ್ತದೆ, ಲೆಕ್ಕ ನಿಲ್ಲುವುದಿಲ್ಲ. ಫಾರಂ ತುಂಬಿದವರಿಗೂ ಫೋನ್ ಮಾಡಿದೆ, ಅವರಿಗೂ ನೆನಪಿಲ್ಲ.

ಸ್ವಂತ ಬೆಳೆಗೆ ತೋಟದ ಬೆಲೆ (ತೋಟದಲ್ಲೇ ಮಾರಿದರೆ ಸಿಗುವ ದರ) ಹಾಕಬೇಕು ಅನ್ನೋದು ಗೊತ್ತು. ಆದರೆ ಎಣ್ಣೆಗೆ? ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ: ಇಂಥ ಎಣ್ಣೆಯನ್ನು ಎಣ್ಣೆ ಸಾಲಿನಲ್ಲಷ್ಟೇ ಇಟ್ಟು, ತುರಿದ ಕಾಯಿಯನ್ನು ಮನೆಯವರಿಂದ ಮತ್ತೆ ಕೇಳಿ ಬರೆಯಬೇಕಾ? ಬೆಲೆಗೆ ಅಂಗಡಿ ದರವಾ, ಅಥವಾ ಕಾಯಿಯ ತೋಟದ ಬೆಲೆಗೆ ಮಿಲ್ಲಿನ ಕೂಲಿ ಸೇರಿಸಬೇಕಾ?